ಹೊಳೆಯಾಚೆಗೆ ಕೂಗುವ ದುರ್ಗಿಯ ಗಂಟಲು

ಎಲ್ಲಿಂದ ಶುರು ಮಾಡಲಿ ಹೇಳಿ, ಗಂಟಲಿನಿಂದಲೋ ಹೊಳೆಯಿಂದಲೋ? ಗಂಟಲಿನಿಂದ ಶುರು ಮಾಡಿದ ಮೊದಲ ಡ್ರಾಫ್ಟು ಬರೀ ಕೆಮ್ಮಿತು. ಹರಿದು ಹಾಕಿದೆ.

೧. ಹೊಳೆ ಎಂದರೆ ಗಂಗಾವಳಿ. ಈಚೆ ರಾಮನಗುಳಿಯಲ್ಲಿ ದುರ್ಗಿ. ಆಚೆ ದಡಕ್ಕೆ ಮದುವೆಯಾಗಿ ಹೋದ ತಂಗಿ ಮಂಜಿ, ಈಗ ತುಂಬಿದ ಬಸುರಿ. ದಿನಾ ಸಂಜೆ ಇಬ್ಬರೂ ದಡಕ್ಕೆ ಬಂದು ಕೂಗಿ ಕೂಗಿ ಮಾತಾಡಬೇಕು. (೧೯೩೦ನೇ ಇಸವಿ, ದಿನಾ ದೋಣಿ ಹತ್ತಲು ಕಾಸಿಲ್ಲ, ಸೇತುವೆಯಿಲ್ಲ. ಕಾಗದದ ಮೇಲೆ ನಾನೇ ಕಟ್ಟಿಸಬಹುದಿತ್ತು. ಕಥೆ ಮುಳುಗುತ್ತದೆಂದು ಬಿಟ್ಟೆ.)

೨. ಶಿವರಾತ್ರಿಯಿಂದ ದುರ್ಗಿಗೆ ಗಂಟಲು ನೋವು. ಕಾಳುಮೆಣಸಿನ ಕಷಾಯ ಆಯ್ತು, ಜ್ಯೇಷ್ಠಮಧು ಆಯ್ತು. ಮಂಜಿಯ ದನಿಯೂ ಈಚೆಗೆ ಸಣ್ಣಗೆ ಕೇಳುತ್ತಿತ್ತು, ಗಾಳಿಯ ಆಟವೆಂದುಕೊಂಡಳು. ಊರಿನ ವೈದ್ಯ ಪಂಡಿತರಿಗೆ "ಮಾವಿನಮಿಡಿ ತಿಂದದ್ದು ಹೆಚ್ಚಾಯ್ತು ಕಾಣ್ತದೆ" ಎಂದು ಸುಳ್ಳು ಹೇಳಿದಳು. ನಿಜ ಹೇಳಿದರೆ ಕೂಗಬೇಡ ಅಂತಾರಲ್ಲ! ಪಾಪ, ಪಂಡಿತರು ಉಪ್ಪಿನಕಾಯಿ ಬಿಡಿಸಿದರು, ನೋವು ಬಿಡಲಿಲ್ಲ.

"ಸತ್ಯ ಹೇಳು, ಯಾರ ಮೇಲೆ ಕೂಗಾಡ್ತೆ?" ಎಂದು ಗದರಿದರು. ಹೇಳಿದಳು.

"ಹುಣ್ಣಿಮೆವರೆಗೆ ಬಾಯಿ ಮುಚ್ಚು. ಇಲ್ಲದಿದ್ರೆ ಇದ್ದ ದನಿಯೂ ಹೋಗ್ತದೆ."

೩. (ಉಪ್ಪಿನ ಸತ್ಯಾಗ್ರಹದ ವರ್ಷ. ದುರ್ಗಿಯನ್ನು ಅಂಕೋಲೆಗೆ ಕಳಿಸಿ ಕಥೆಗೆ ತೂಕ ತರೋಣವೆಂದೆ. "ಉಪ್ಪು ನಂಗೆ ಬಾಯಿ ಮುಕ್ಕಳಿಸೂಕೆ ಸಾಕು ಒಡೆಯಾ," ಪಿಸುಗುಟ್ಟಿದಳು. "ದಡದಲ್ಲಿ ಬಾಯಿ ಬಿಡದೆ ನಿಂತ್ರೆ, ಮನೇಲಿ ಯಾರೋ ಹೋದ್ರು ಅಂತ ತಂಗಿ ಅಲ್ಲೇ ಅಳೂಕೆ ಶುರು ಮಾಡ್ತದೆ. ಬಸುರಿ ಅದು."

"ದೋಣಿ ಮಾದುವಿನ ಹತ್ತಿರ ಹೇಳಿ ಕಳಿಸೋಣ?"

"ಅವ ಒಂದಕ್ಕೆ ಹತ್ತು ಸೇರಿಸ್ತ.")

೪. ಅಂತ್ಯ ಒಂದು: ಅವಳು ಕೂಗುತ್ತಾಳೆ, ದನಿ ಶಾಶ್ವತವಾಗಿ...

"ಬಿಡ್ತು ಅನ್ನಿ ಒಡೆಯಾ!"

ಅಂತ್ಯ ಎರಡು ಬರೆಯುವುದರೊಳಗೆ ಕಂಚಿನ ತಾಟು, ಸೌಟು ಹಿಡಿದು ಹೊರಟೇಬಿಟ್ಟಳು. "ಸಂಕಟ ಇದ್ದವ್ರು ಯಾರಾದ್ರೂ ತಾಟು ಬಡ್ಕಂತ ಬತ್ರಾ?"

ಡಣ್ ಡಣ್! ಆಚೆ ದಡದಲ್ಲಿ ಯಾರೂ ಇಲ್ಲ. ದುರ್ಗಿ ಸೌಟು ಎತ್ತಿ ಹಿಡಿದು ನನ್ನತ್ತ ತಿರುಗಿದಳು. ನಾನೂ ಹಾಳೆ ತಿರುವಿ ನೋಡಿದೆ, ಇದನ್ನು ನಾನು ಬರೆದಿರಲಿಲ್ಲ.

ಆಮೇಲೆ ಗಿಡಗಳ ಮರೆಯಿಂದ ದೊಡ್ಡ ಹೊಟ್ಟೆ ಹೊತ್ತು ಮಂಜಿ ಬಂದಳು. ಕುತ್ತಿಗೆಗೆ ಬಟ್ಟೆ ಸುತ್ತಿತ್ತು. ಕೈಯಲ್ಲಿ ಅವಳದೇ ಒಂದು ತಾಟು.

ಅಯ್ಯೋ ಶಿವನೇ, ಅವಳ ಗಂಟಲೂ ಬಿದ್ದುಹೋಗಿದೆ! ದುರ್ಗಿ ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಚೆ ಮಂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಣ್ ಡಣ್. ಡಣಡಣ.

"ಎಂತ ಹೇಳಿತೇ ನಿನ್ನ ತಂಗಿ? ಓದುವವರು ಕಾಯ್ತಾ ಇದ್ದಾರೆ, ಹೇಳು ಮಾರಾಯ್ತಿ," ಎಂದೆ.

ದುರ್ಗಿ ತುಟಿಯ ಮೇಲೆ ಬೆರಳಿಟ್ಟಳು. ಪಂಡಿತರ ಅಪ್ಪಣೆ. ಕಥೆ ಮುಗಿಯಿತೇ ಎಂದು ನನ್ನನ್ನು ಕೇಳಬೇಡಿ, ಸ್ವಲ್ಪ ತಡೆಯಿರಿ, ಆಚೆಯಿಂದ ಮಂಜಿ ಇನ್ನೂ ಉತ್ತರ ಕೊಡುತ್ತಿದ್ದಾಳೆ.