ಕೋಡಿ ನೀರಿನ ದಾರಿ

ದಿಬ್ಬೂರಹಳ್ಳಿ ಕಡೆಯ ಒಂದು ಊರು. ಅಲ್ಲಿನ ಕೆರೆ ತುಂಬಿ ಎಷ್ಟೋ ವರ್ಷವಾಗಿತ್ತು. ಕೋಡಿ ನೀರು ಹರಿಯುವ ಕಾಲುವೆ ಒಣಗಿ ಬಯಲಾಗಿ, ಅಲ್ಲೇ ಮನೆಗಳು ಎದ್ದಿದ್ದವು. ಕದಿರಮ್ಮನ ಮಣ್ಣಿನ ಮನೆಯೂ ಅಲ್ಲೇ. ಅರ್ಧ ಸಂಸಾರಕ್ಕೆ, ಅರ್ಧ ರೇಷ್ಮೆ ಹುಳಕ್ಕೆ.

2005ರಲ್ಲಿ ಹಿಡಿದ ಮಳೆ ಬಿಡಲಿಲ್ಲ. ಸ್ತ್ರೀಶಕ್ತಿ ಸಂಘದ ಅನಸೂಯಮ್ಮ ಬೆಳಿಗ್ಗೆಯೇ ಓಡಿಬಂದಳು.

“ಕದಿರಮ್ಮಕ್ಕ, ಕೆರೆ ತುಂಬೈತೆ. ಅತ್ತಮ್ಮನ್ನ ಎತ್ಕೊಂಡು ದಿನ್ನೆ ಮೇಲಿನ ಇಸ್ಕೂಲಿಗೆ ನಡಿ. ನಾನೂ ಕೈ ಹಾಕ್ತೀನಿ.”

“ಹುಳ ಹಣ್ಣಾಗೈತೆ ಕಣೇ, ಗೂಡು ಕಟ್ಟೋ ಹೊತ್ತು. ಈಗ ಚಂದ್ರಿಕೆಗೆ ಬಿಡದಿದ್ರೆ ಗೂಡು ಕೆಟ್ಟೋಗುತ್ತೆ. ಮಧ್ಯಾಹ್ನ ಬರ್ತೀನಿ.”

“ಹುಳ ಹೋದ್ರೆ ಇನ್ನೊಂದು ಬೆಳೆ ತೆಗೀಬೋದು ಅಕ್ಕ.”

“ಈ ಕಾಲುವೇಲಿ ನೀರು ಬಂದಿದ್ದು ನಾನಂತೂ ಕಂಡಿಲ್ಲ, ಹೋಗಮ್ಮ!”

ಅತ್ತೆ ಅಮ್ಮಾಜಮ್ಮ ನಡೆಯಲಾಗದೆ ಒಳಕೋಣೆಯಲ್ಲಿ ಮಲಗಿದ್ದರು. ಗಂಡ ರಾಮಾಂಜಿನಪ್ಪ ಹಸುಗಳನ್ನು ದಿನ್ನೆಗೆ ಹೊಡೆದುಕೊಂಡು ಹೋಗಿದ್ದ. ಕದಿರಮ್ಮ ಹಣ್ಣು ಹುಳ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಾಗ ಪಾದಕ್ಕೆ ತಣ್ಣಗೆ ತಾಗಿತು. ಕೆಂಪು ನೀರು ಹೊಸ್ತಿಲು ದಾಟಿತ್ತು. ಅವಳು ಒಳಗೆ ಓಡುವಷ್ಟರಲ್ಲಿ ನೆನೆದ ಗೋಡೆ ಕುಸಿಯಿತು.

“ಕದಿರೀ...” ಎಂದು ಅತ್ತೆ ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ನೆರೆಯವರು ಕದಿರಮ್ಮನನ್ನು ಎಳೆದು ಹೊರತಂದರು. ಅಮ್ಮಾಜಮ್ಮನ ಹೆಣ ನೀರಿಳಿದ ಮೇಲೆ ಮಣ್ಣಿನಡಿ ಸಿಕ್ಕಿತು.

ತಿಥಿ ಮುಗಿಯಿತು. ರಾಮಾಂಜಿನಪ್ಪ ಅದೇ ಜಾಗದಲ್ಲಿ ಗೋಡೆಗೆ ಮಣ್ಣು ಕಲೆಸತೊಡಗಿದ. ಅನಸೂಯಮ್ಮ ಬೇಡವೆಂದಳು.

“ಇಂಥಾ ಮಳೆ ಯಾವಾಗ್ಲೋ ಒಂದ್ಸಲ,” ಎಂದ ಅವನು. “ನೀರಿಲ್ಲದ ದಿನ್ನೆ ಮೇಲೆ ಒಂಟಿಯಾಗಿ ಏನ್ ಮಾಡ್ಲಿ?”

“ಒಂಟಿಯಾಗಿ ಯಾಕಣ್ಣ? ಎಲ್ಲಾರೂ ಒಟ್ಟಿಗೆ ಹೋಗಣ. ಕೊಳಾಯಿ ಬೇಕು ಅಂತ ಮೊದ್ಲೇ ಕೇಳಣ. ಈಗಿನ ಮಳೆ ನಂಬಂಗಿಲ್ಲ. ವರ್ಷಗಟ್ಲೆ ಬರಲ್ಲ, ಬಂದ್ರೆ ಒಂದೇ ಸಲ ಸುರಿಯುತ್ತೆ.”

ಕದಿರಮ್ಮ ಗಂಡನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. “ಅನಸೂಯ ಕರೆದಾಗ ಅತ್ತಮ್ಮ ಉಸಿರಾಡ್ತಿದ್ರು. ನಾನು ಎತ್ತಲಿಲ್ಲ. ಇಲ್ಲಿ ಮನೆ ಕಟ್ಟಿದ್ರೆ ನಾನು ಒಳಕ್ಕೆ ಕಾಲಿಡಲ್ಲ.”

ಅವನು ಕೈಗೆ ಮೆತ್ತಿದ ಮಣ್ಣು ತೊಳೆದುಕೊಂಡ.

ಕಾಲುವೆಯ ಮನೆಯವರೆಲ್ಲ ಸೇರಿ ದಿನ್ನೆ ಸುತ್ತಿ ನೋಡಿದರು. ಹುಳದ ಮನೆ ಎಲ್ಲಿ, ದನ ಎಲ್ಲಿ ಎಂದು ತಾವೇ ಗೊತ್ತುಮಾಡಿದರು. ಜಾಗ, ಕೊಳಾಯಿ ಕೇಳಲು ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಒಟ್ಟಿಗೆ ಅಲೆದರು. ಎರಡೂ ಸಿಗುವಷ್ಟರಲ್ಲಿ ಸಾಕುಸಾಕಾಯಿತು. ಆದರೂ ಅಕ್ಕಪಕ್ಕದವರು ಅಲ್ಲೂ ಅಕ್ಕಪಕ್ಕದಲ್ಲೇ ಮನೆ ಕಟ್ಟಿಕೊಂಡರು.

ಮುಂದೊಂದು ವರ್ಷ ಮತ್ತೆ ಕೋಡಿ ಬಿತ್ತು. ಹಳೆಯ ಅಡಿಪಾಯಗಳ ಮೇಲೆ ನೀರು ಭೋರೆಂದು ಹರಿಯಿತು. ಅಲ್ಲಿ ಯಾರೂ ಇರಲಿಲ್ಲ. ನೋಡಲಾರದೆ ಕದಿರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿ ಹರಿಯುತ್ತದೆ? ಊರಿನ ಹಿರಿಯರನ್ನು ಕೇಳಿ. ಆ ದಾರಿಯಲ್ಲಿ ಮನೆಗಳಿದ್ದರೆ ಸಂಘದಲ್ಲಿ ಮಾತೆತ್ತಿ, ಎತ್ತರದ ಜಾಗ ನೀವೇ ಸೇರಿ ಆರಿಸಿ, ಗ್ರಾಮಸಭೆಯಲ್ಲಿ ಒಂದೇ ದನಿಯಲ್ಲಿ ಕೇಳಿ. ಅಲ್ಲಿಯವರೆಗೆ ಮಳೆ ಹಿಡಿದರೆ, ನಡೆಯಲಾಗದವರನ್ನು ಮೊದಲು ಎತ್ತಿಕೊಂಡು ಹೊರಡಿ. ಮಿಕ್ಕ ಕೆಲಸ ಆಮೇಲೆ.