ಡಾಕ್ಟರರ ಮೀಸೆ

೧೯೮೫ರ ಮಾರ್ಚಿನಲ್ಲಿ ಹೊನ್ನಾವರದ ಕಿವಿ ತಪಾಸಣೆಯ ಶಿಬಿರದಲ್ಲಿ ಗಂಗೆ ಪೂರ್ಣ ಕಿವುಡಿಯೆಂದು ಸಾಬೀತಾಯಿತು. ಮೀನು ಮಾರುವ ಗಂಗೆಗೆ ಕಿವಿ ಕೇಳದೆ ಹತ್ತು ವರ್ಷವಾಗಿತ್ತು. ಗಿರಾಕಿಗಳ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಡಾಕ್ಟರ್ ಲಿಂಗಪ್ಪನವರ ಮೀಸೆ ಮಾತ್ರ ಬಾಯಿಯನ್ನೇ ಮುಚ್ಚಿತ್ತು. ಅವರ ಹತ್ತು ಪ್ರಶ್ನೆಗೂ ಅವಳದು ಒಂದೇ ಉತ್ತರ: "ಎಂತ?" ಡಾಕ್ಟರು ಕಿವಿಗೆ ಬಿಡಲು ಒಂದು ಸೀಸೆ ಔಷಧಿ ಕೊಟ್ಟು, ಶ್ರವಣಯಂತ್ರದ ಪಟ್ಟಿಯಲ್ಲಿ ಅವಳ ಹೆಸರು ಬರೆದರು.

ಯಂತ್ರ ಬೇಕಾಗಿದ್ದದ್ದು ಮೊಮ್ಮಗಳ ಅಳು ಕೇಳಲಿಕ್ಕಾಗಿ. ಕೂಸಿನ ತುಟಿ ಓದಬೇಕಾದರೂ ಮೊದಲು ಅದರ ಕಡೆ ತಿರುಗಬೇಕಲ್ಲ. ಒಮ್ಮೆ ಗಂಗೆ ಬೆನ್ನು ಹಾಕಿ ಮೀನು ಹೆಚ್ಚುತ್ತಿದ್ದಾಗ ತೊಟ್ಟಿಲಲ್ಲಿ ಅದು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತ್ತು. ಸಿಗಡಿ ಸುಲಿಯುವ ಕೆಲಸಕ್ಕೆ ಹೋಗುವ ಮಗಳು ಕಮಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಮಷಿನ್ ಬಂದ್ರೆ ಕೂಸು ನಿನ್ ಹತ್ರ. ಇಲ್ದಿದ್ರೆ ಭಟ್ಕಳದಾಗೆ ಅತ್ತೆ ಹತ್ರ ಬಿಡ್ತೆ."

ಮೇ ತಿಂಗಳಲ್ಲಿ ಕುಮಟೆಯಲ್ಲಿ ಯಂತ್ರ ಹಂಚಿದರು. ಕೊಡುವ ಮುನ್ನ ಮರುಪರೀಕ್ಷೆಯಾಗಬೇಕೆಂಬ ನಿಯಮವಿತ್ತು. ಡಾಕ್ಟರಿಗೆ ಈಗ ಮೀಸೆಯಿರಲಿಲ್ಲ. ಕರ್ಕಿಯ ಯಕ್ಷಗಾನದ ಆಟದಲ್ಲಿ ಸ್ತ್ರೀವೇಷ ಕಟ್ಟಲೆಂದು ಬೋಳಿಸಿದ್ದರು.

ಅವರು ಗುಮಾಸ್ತ ಮಾಬ್ಲೇಶ್ವರನಿಗೆ ಹೇಳುತ್ತಿದ್ದರು: "ಅಮೆರಿಕದಲ್ಲಿ ಈಗ ಒಳಗಿವಿಯ ಶಂಖಕ್ಕೇ ತಂತಿ ಇಳಿಸ್ತಾರಂತೆ ಮಾರಾಯ. ಕಲ್ಲು ಕಿವುಡರಿಗೂ ಕೇಳ್ತದಂತೆ."

"ಹಂಗಾರೆ ನಂಗೆ ಅದ್ನೇ ಹಾಕಿ ಡಾಕ್ಟ್ರೇ," ಎಂದಳು ಗಂಗೆ.

ಕೋಣೆ ನಿಶ್ಶಬ್ದವಾಯಿತು. ಗಂಗೆಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಡಾಕ್ಟರು ಹತ್ತು ಪ್ರಶ್ನೆ ಕೇಳಿದರು. ಪರೀಕ್ಷೆಯೆಂದ ಮೇಲೆ ಪಾಸಾಗಬೇಕೆಂದುಕೊಂಡ ಅವಳು ಹತ್ತಕ್ಕೂ ಸರಿಯಾಗಿ ಉತ್ತರಿಸಿದಳು.

"ಕಂಡ್ಯಾ ನನ್ನ ಔಷಧಿ!" ಡಾಕ್ಟರು ಹಿಗ್ಗಿ, 'ಗುಣಮುಖ' ಎಂದು ಬರೆದರು. ಎರಡು ಪರೀಕ್ಷೆಗಳ ನಡುವೆ ಬದಲಾದದ್ದು ಎರಡು ಸಂಗತಿ, ಕಿವಿಗೆ ಬಿದ್ದ ಔಷಧಿ ಮತ್ತು ಬೋಳಿಸಿದ ಮೀಸೆ. ವರದಿಯಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು.

"ಕೇಳಿ ಹೇಳ್ದದ್ದಲ್ಲ, ನಿಮ್ ತುಟಿ ಕಂಡು ಹೇಳ್ದದ್ದು! ಬೇಕಾರೆ ಬೆನ್ನು ಹಾಕ್ತೆ, ಈಗ ಕರೀರಿ ಕಾಂಬ."

ಗಂಗೆ ಗೋಡೆಗೆ ಮುಖ ಮಾಡಿ ನಿಂತಳು. ಬಹಳ ಹೊತ್ತು ನಿಂತಳು. ತಿರುಗಿ ನೋಡಿದರೆ ಡಾಕ್ಟರು ಆಗಲೇ ಇನ್ನೊಬ್ಬರ ಕಿವಿಗೆ ದೀಪ ಹಿಡಿದಿದ್ದರು.

"ಮೂರು ಸಲ ಕರದ್ರು, ನೀ ಓಗೊಡ್ಲಿಲ್ಲ," ಎಂದ ಮಾಬ್ಲೇಶ್ವರ. "ಸಿಟ್ಟು ಮಾಡ್ಕಂಡು ಕೂತ್ರೆ ಎಂತ ಮಾಡೂದು? ಬರ್ದು ಆತು. ಬಪ್ಪ ವರ್ಷ ಬಾ."

ಬರುವ ವರ್ಷದ ಹೊತ್ತಿಗೆ ಕೂಸು ತನ್ನ ಮೊದಲ ಮಾತನ್ನು ಭಟ್ಕಳದಲ್ಲಿ ಆಡಿ ಮುಗಿಸಿರುತ್ತದೆ. ಗಂಗೆ ಖಾಲಿ ಸೀಸೆಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

"ಡಾಕ್ಟ್ರೇ, ಬಪ್ಪ ವರ್ಷ ರಾಕ್ಷಸನ ವೇಷ ಮಾಡಿ. ನಿಮ್ ಕಾಲಿಗೆ ಬೀಳ್ತೆ, ಮೀಸೆ ತೆಗೀಬೇಡಿ."