ಹನುಮವ್ವ ಮುಚ್ಚಿಸಿದ ತೂತು

ಮುಂಬೈಯ ದಹಿಸರ್ ಸ್ಟೇಶನ್ನಿನ ಆಚೆ ಒಂದು ಚಾಳು. ಹನ್ನೆರಡು ಸಂಸಾರದ ಹನ್ನೆರಡು ಖೋಲಿ, ಒಂದೇ ನಳ. ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷ ಫೆಬ್ರವರಿಗೆಲ್ಲ ಆ ನಳ ಬೆಳಿಗ್ಗೆ ಒಂದೇ ತಾಸು ಬರುತ್ತಿತ್ತು, ಆಮೇಲೆ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು. ಆ ಒಂದು ತಾಸಿನಲ್ಲಿ ಹನುಮವ್ವ ಯಾರಿಗೂ ಜಗ್ಗುವವಳಲ್ಲ. ಎರಡು ಕೊಡ, ಒಂದು ಬಾಲ್ದಿ ತುಂಬಿಸಿಕೊಂಡೇ ಹಿಂದಿರುಗುತ್ತಿದ್ದಳು. ದಾರಿಯಲ್ಲಿ ಹನಿ ನೀರು ಚೆಲ್ಲಿದರೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಅವಳಿಗೆ ನೀರಿಗಿಂತ ದೊಡ್ಡ ಚಿಂತೆ ಇತ್ತು. ಮಗಳು ದಾನವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆರು ತಿಂಗಳಾಗಿತ್ತು, ಮುಖ ಬಿಳಿಚಿತ್ತು. ದವಾಖಾನೆಯ ನರ್ಸಬಾಯಿ ವಿನೋದಿನಿ ಪರೀಕ್ಷಿಸಿ, ನಗುನಗುತ್ತಾ ಬಂದಿದ್ದವಳು ನಗುವುದನ್ನು ನಿಲ್ಲಿಸಿದಳು.

“ರಕ್ತ ಭಾಳ ಕಡಿಮಿ ಅದ, ಮಾವಶಿ. ಗುಳಿಗಿ ಒಂದಿನಾನೂ ತಪ್ಪಸಬ್ಯಾಡ್ರಿ. ಅದರ ಜೋಡಿ ದಿನಾ ಮೆಂತೆ, ರಾಜಗಿರಿಯಂಥಾ ತಪ್ಪಲಪಲ್ಯ ತಿನ್ನಸ್ರಿ. ಇಲ್ಲಾಂದ್ರ ಹಡಿಯೂ ಮುಂದ ತ್ರಾಸ ಆಗ್ತದ.”

“ಎಲ್ಲಿಂದ ತರ್ಲಿ ಬಾಯಾರ? ರೇಲ್ವೆ ಲೈನ್ ಬಾಜೂಕ ಬೆಳಿಯೂ ಪಲ್ಯಾಕ ಗಟಾರದ ನೀರು ಬಿಡೂದ ನಾನ ಕಣ್ಣಾರೆ ನೋಡೀನಿ. ಅದನ್ನ ಬಸರಿ ಹೆಂಗಸಿಗೆ ಹೆಂಗ ಕೊಡ್ಲಿ?”

“ಮನಿ ಮುಂದ ನೀವ ಬೆಳೀರಿ.”

“ಕುಡ್ಯಾಕ ನೀರಿಲ್ಲ, ಗಿಡಕ್ಕ ಎಲ್ಲಿ ತರೂದ್ರಿ?”

“ಕಡಿಮಿ ನೀರಿಗೆ ಒಂದು ಉಪಾಯ ಅದ. ಐತವಾರ ಬರ್ತೀನಿ.”

ವಿನೋದಿನಿ ಧಾರವಾಡದವಳು. ಐತವಾರ ಬರುತ್ತೇನೆ ಎಂದರೆ ಐತವಾರವೇ ಬರುವವಳು. ಹನುಮವ್ವನ ಗಂಡ ಸಾಯಬಣ್ಣ ಇಟ್ಟಿಗೆ ಕಟ್ಟುವ ಗೌಂಡಿ. ಸಾಂತಾಕ್ರೂಜ್‌ನ ಬಿಲ್ಡಿಂಗುಗಳಲ್ಲಿ ಸೋರುವ ನೀರಿನ ಟಾಕಿಗಳನ್ನು ರಿಪೇರಿ ಮಾಡುವುದೇ ಅವನ ಕಸುಬು. ಅವನ ಕೈಯಿಂದಲೇ ವಿನೋದಿನಿ ಖೋಲಿಯ ಮುಂದೆ, ಬಿಸಿಲು ಬೀಳುವ ಕಡೆ, ಒಡಕು ಇಟ್ಟಿಗೆಯಲ್ಲಿ ಮೊಣಕಾಲೆತ್ತರದ ಸೊಪ್ಪಿನ ಮಡಿ ಕಟ್ಟಿಸಿದಳು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿದಳು. ತಳಕ್ಕೆ ಆರು ಇಂಚು ಇಟ್ಟಿಗೆ ಚೂರು. ನೀರು ನಿಲ್ಲುವುದು ಅಲ್ಲಿ. ಮೂಲೆಗೆ ತಳದವರೆಗೆ ಇಳಿಯುವ, ಒಳಗಂಟು ಒಡೆದ ಒಂದು ಬಿದಿರಿನ ಕೊಳವೆ. ನೀರು ಹೊಯ್ಯುವುದು ಅದರಲ್ಲಿ. ಚೂರಿನ ಮೇಲೆ ಗೋಣಿತಟ್ಟು ಹಾಸಿ, ಹಳೆಯ ನೂಲಿನ ಸೀರೆ ಹರಿದು ಹೊಸೆದ ದಪ್ಪ ಬತ್ತಿಗಳನ್ನು ಅದರೊಳಗಿಂದ ಇಳಿಬಿಟ್ಟರು. ಒಂದು ತುದಿ ಕೆಳಗಿನ ನೀರಿಗೆ, ಇನ್ನೊಂದು ತುದಿ ಮೇಲಿನ ಮಣ್ಣಿಗೆ. ಆಮೇಲೆ ಹತ್ತು ಇಂಚು ಮಣ್ಣು, ಗೊಬ್ಬರ.

“ನೀರು ಇಳೀತೈತಿ, ಖರೆ. ಏರತೈತೇನ್ರಿ ಎಲ್ಲೆರ?” ಎಂದು ಹನುಮವ್ವ ಕೇಳಿದಳು.

“ದೀಪದ ಬತ್ತಿ ಎಣ್ಣಿ ಎಳಕೋತದಲ್ಲ ಮಾವಶಿ, ಹಂಗ.”

ಇದು ಅರ್ಧ ತಲೆಗೆ ಹೋಯಿತು. ಆದರೆ ಅಷ್ಟರಲ್ಲಿ ವಿನೋದಿನಿ ಗೋಡೆಯಲ್ಲಿ, ಇಟ್ಟಿಗೆ ಚೂರು ಮುಗಿದು ಮಣ್ಣು ಶುರುವಾಗುವ ಮಟ್ಟಕ್ಕೆ, ಹೆಬ್ಬೆರಳು ಹೋಗುವಷ್ಟು ತೂತು ಬಿಡಿಸಿ ಅದರಲ್ಲೊಂದು ಪೈಪಿನ ತುಣುಕನ್ನು ಪ್ಲಾಸ್ಟಿಕ್ ದಾಟಿ ಒಳಗೆ ಹೋಗುವಂತೆ ಕೂಡಿಸಿದಳು.

“ಇದ್ಯಾಕ್ರಿ?”

“ಹೆಚ್ಚಾದ ನೀರು ಹೊರಗ ಹೋಗ್ಲಿಕ್ಕೆ.”

ಹೆಚ್ಚಾದ ನೀರು! ಮುಂಬೈಗೆ ಬಂದ ಹದಿನಾಲ್ಕು ವರ್ಷದಲ್ಲಿ ಹನುಮವ್ವ ಅಂಥದೊಂದನ್ನು ಕಂಡಿರಲಿಲ್ಲ. ಇನ್ನೂ ಕೇಳಬೇಕೆನಿಸಿತು. ಆದರೆ ಕಲಿತ ಹುಡುಗಿಯ ಮುಂದೆ ದಡ್ಡಿ ಎನಿಸಿಕೊಳ್ಳುವುದು ಯಾಕೆಂದು, ತಿಳಿದವಳಂತೆ ಎರಡು ಸಲ ತಲೆ ಅಲ್ಲಾಡಿಸಿದಳು. ವಿನೋದಿನಿ ಮೆಂತೆ ಬೀಜ ಬಿತ್ತಿಸಿ ಹೋದಳು.

ಮರುದಿನ ಕೊಳವೆಗೆ ನೀರು ಹೊಯ್ದರೆ ಆ ತೂತಿನಿಂದ ಒಂದು ತಂಬಿಗೆಯಷ್ಟು ಹೊರಗೆ ಬಂತು. ಹನುಮವ್ವನಿಗೆ ಜೀವ ಹೋದಂತಾಯಿತು.

“ನೋಡ್ರಿ, ನೋಡ್ರಿ! ಮಂದಿ ಮನಿ ಟಾಕಿ ರಿಪೇರಿ ಮಾಡ್ತೀರಿ, ನಿಮ್ಮ ಮನೀದ ಸೋರಾಕ್ಹತ್ತೈತಿ!”

ಗೌಂಡಿಗೆ ಇದಕ್ಕಿಂತ ದೊಡ್ಡ ಮಾತು ಬೇಕೆ? ಸಾಯಬಣ್ಣ ಒಂದು ಮುಷ್ಟಿ ಸಿಮೆಂಟು ಕಲೆಸಿ ತೂತು ಮುಚ್ಚಿದ. ಎಷ್ಟು ಚೊಕ್ಕವಾಗಿ ಮುಚ್ಚಿದನೆಂದರೆ, ಅಲ್ಲಿ ತೂತಿತ್ತೆಂದು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಐದನೆಯ ದಿನ ಮೆಂತೆ ತಲೆ ಎತ್ತಿತು. ಹನುಮವ್ವ ಚಾಳಿಗೆಲ್ಲ ಕರೆದು ತೋರಿಸಿದಳು. ಹತ್ತನೆಯ ದಿನ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಅಕ್ಕಿ ತೊಳೆದ ನೀರನ್ನೂ ಹೊಯ್ದಳು. ಗಿಡ ಬಾಗಿತು. ತನ್ನ ಸ್ನಾನದ ಪಾಲನ್ನೂ ಹೊಯ್ದಳು. ಗಿಡ ಮಲಗಿತು. ಮಣ್ಣು ಮುಟ್ಟಿದರೆ ಹಸಿ, ಗಿಡ ನೋಡಿದರೆ ನೀರಿಲ್ಲದ್ದರಂತೆ ಜೋತುಬಿದ್ದಿದೆ. ಹನುಮವ್ವನ ತಲೆ ಗಿರ್ರೆಂದಿತು. ಬೀಜ ಕೆಟ್ಟದ್ದಿರಬೇಕೆಂದಳು. ಪ್ಲಾಸ್ಟಿಕ್ಕಿನ ಕಾವೇ ಎಂದಳು. ಕೊನೆಗೆ, ಪಕ್ಕದ ಖೋಲಿಯ ಇಂದ್ರಾಬಾಯಿ ಮೊನ್ನೆ “ಛಂದ ಬಂದೈತಿ” ಎಂದದ್ದು ನೆನಪಾಗಿ, ಮಡಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಇಂದ್ರಾಬಾಯಿ ಎರಡು ದಿನ ಮಾತು ಬಿಟ್ಟಳು, ಗಿಡ ಮಾತ್ರ ಏಳಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ದಾನವ್ವ ನಳದ ಪಾಳಿಯಲ್ಲಿ ನಿಂತಿದ್ದವಳು ಕಣ್ಣು ಕತ್ತಲೆಗಟ್ಟಿ ಕುಸಿದಳು. ನಾಲ್ಕು ಹೆಂಗಸರು ಎತ್ತಿ ತಂದು ಮಲಗಿಸಿದರು. ಹನುಮವ್ವ ಮಗಳ ಮುಖಕ್ಕೆ ನೀರು ಚಿಮುಕಿಸಿದಳು. ಬೀಗರು ನಂಬಿ ಕಳಿಸಿದ ಮಗಳು. ಒಂದು ಹಿಡಿ ಸೊಪ್ಪು ತಿನ್ನಿಸಲು ತನ್ನಿಂದ ಆಗಲಿಲ್ಲವಲ್ಲ ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಸುದ್ದಿ ತಿಳಿದು ವಿನೋದಿನಿ ಓಡಿ ಬಂದಳು. ದಾನವ್ವನನ್ನು ನೋಡಿ, ಮದ್ದು ಕೊಟ್ಟು, ಹೊರಗೆ ಬಂದು ಮಣ್ಣಿಗೆ ಬೆರಳಿಳಿಸಿ ಮೂಸಿದಳು. ಆಮೇಲೆ ಗೋಡೆ ಸುತ್ತ ತಡಕಿದಳು.

“ಮಾವಶಿ, ತೂತು ಎಲ್ಲಿ?”

ಸಾಯಬಣ್ಣ ಹಂಚು ಎಣಿಸುವವನಂತೆ ಮೇಲೆ ನೋಡಿದ. ಹನುಮವ್ವನಿಗೆ ಇನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ.

“ನಾನ ಮುಚ್ಚಿಸೀನ್ರಿ ಬಾಯಾರ. ನೀರು ಸುಮ್ಮ ಹೊರಗ ಹೋಗತೈತಿ ಅಂತ ಸಂಕಟ ಆತು. ನೀವು ಹೇಳಿದ್ದು ನನಗ ತಿಳಿದಿರಲಿಲ್ಲ. ಸುಳ್ಳ ತಲಿ ಅಲ್ಲಾಡಿಸಿದೆ.”

ವಿನೋದಿನಿ ಅವಳ ಕೈ ಹಿಡಿದುಕೊಂಡಳು. “ತಪ್ಪು ನಂದೂ ಅದ. ತಿಳೀತೇನು ಅಂತ ನಾನೂ ಕೇಳಲಿಲ್ಲ. ಈಗ ಕೇಳ್ರಿ. ಬೇರಿಗೂ ಗಾಳಿ ಬೇಕು. ನೀರು ತಳದಾಗಿದ್ರ ಬತ್ತಿ ಬೇಕಾದಷ್ಟ ಮ್ಯಾಲ ತರ್ತದ. ತೂತು ಮುಚ್ಚಿದ್ರ ನೀರು ಮಣ್ಣಿನ ತನಕ ಏರಿ ನಿಲ್ತದ. ಗಾಳಿ ಇಲ್ಲದ ಬೇರು ಕೊಳೀತದ. ಕೊಳೆತ ಬೇರಿಗೆ ನೀರು ಕುಡೀಲಿಕ್ಕೆ ಬರೂದಿಲ್ಲ.”

“ಅಂದ್ರ ನೀರಾಗ ನಿಂತು ಒಣಗಿತಾ?”

“ಹೌದ್ರಿ.”

ಸಾಯಬಣ್ಣ ಉಳಿ ಸುತ್ತಿಗೆ ತಂದ. ನಾಲ್ಕೇಟಿಗೆ ತೂತು ಬಾಯಿ ಬಿಟ್ಟಿತು. ಹೊರಬಂದ ಕಪ್ಪು ನೀರಿನ ವಾಸನೆಗೆ ಚಾಳಿನ ಅರ್ಧ ಬಾಗಿಲು ಮುಚ್ಚಿದವು. ಕೊಳೆತ ಗಿಡ ಕಿತ್ತು, ಮಣ್ಣು ಬುಡಮೇಲು ಮಾಡಿ ನಾಲ್ಕು ದಿನ ಆರಲು ಬಿಟ್ಟು, ಮತ್ತೆ ಮೆಂತೆ, ರಾಜಗಿರಿ ಬಿತ್ತಿದರು. ಮೊಳೆಯುವ ತನಕ ಮೇಲೆ ಚಿಮುಕಿಸುವಷ್ಟೇ ನೀರು. ಆಮೇಲೆ ನಾಲ್ಕೈದು ದಿನಕ್ಕೊಂದು ಬಾಲ್ದಿ, ಅದೂ ಕೊಳವೆಯಲ್ಲಿ. ತೂತಿನಿಂದ ಹನಿ ಕಂಡ ಕೂಡಲೇ ಹನುಮವ್ವ ಕೈ ತಡೆಯುತ್ತಿದ್ದಳು. ಸೊಳ್ಳೆ ಮೊಟ್ಟೆಯಿಡದಂತೆ ಕೊಳವೆಗೂ ತೂತಿಗೂ ತೆಳು ಬಟ್ಟೆ ಕಟ್ಟಿದಳು.

ತಿಂಗಳೊಪ್ಪತ್ತಿನಲ್ಲಿ ಮನೆಯಲ್ಲಿ ದಿನಾ ಸೊಪ್ಪಿನ ಪಲ್ಯ, ದಿನಾ ಗುಳಿಗೆ. ಎಂಟು ತುಂಬುವ ಹೊತ್ತಿಗೆ ದಾನವ್ವ ದವಾಖಾನೆಗೆ ಎಲ್ಲೂ ಕೂರದೆ ನಡೆದು ಹೋದಳು. ರಕ್ತ ಏರುತ್ತಿದೆ ಎಂದು ವಿನೋದಿನಿ ಹೇಳಿದಾಗ ಹನುಮವ್ವ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು.

ಈಗ ಇಂದ್ರಾಬಾಯಿಗೂ ಮಡಿ ಬೇಕಾಗಿದೆ. ಹನುಮವ್ವ ಎಲ್ಲ ವಿವರಿಸಿದಳು. ಇಂದ್ರಾಬಾಯಿ ಹೂಂ ಎಂದು ತಲೆ ಅಲ್ಲಾಡಿಸಿದಳು.

“ತಲಿ ಅಲ್ಲಾಡಸಬ್ಯಾಡ ನಮ್ಮವ್ವಾ. ಏನ್ ತಿಳೀತು, ಬಾಯಿಬಿಟ್ಟು ಹೇಳು!”

ಅಕ್ಕಂದಿರೇ, ನಿಮ್ಮ ಖೋಲಿಯ ಮುಂದೆಯೂ ನಾಲ್ಕು ಅಡಿ ಬಿಸಿಲು ಬೀಳುವ ಜಾಗವಿದ್ದರೆ ಈ ಮಡಿ ಕಟ್ಟಿ. ತಳದಲ್ಲಿ ನೀರು, ನಡುವೆ ಬತ್ತಿ, ಪಕ್ಕದಲ್ಲಿ ತೂತು. ಮೂರರಲ್ಲಿ ಒಂದನ್ನೂ ಬಿಡಬೇಡಿ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಅಲ್ಲೇ ಕೇಳಿ. ಕೇಳಲು ನಾಚಿದ ಹನುಮವ್ವನಿಗೆ ಹದಿನೆಂಟು ದಿನ ಹೋದವು. ಬಸುರಿ ಮಗಳ ಹೊಟ್ಟೆಯಲ್ಲಿರುವ ಕೂಸಿಗೆ ಅಷ್ಟು ದಿನ ಕಾಯಲು ಬರುವುದಿಲ್ಲ.